ಕೆಂಪು ಚುಕ್ಕೆಯ ಸ್ವಿಚ್ಚು

ಬಾಗಿಲ ಮೇಲಿನ ಕೆಂಪು ದೀಪ ಫಕ್ಕನೆ ಆರಿತು.

"ಹೋಯ್ತು!" ಸ್ಕ್ರೂ ಬೆಂಚಿನಿಂದ ದಡಕ್ಕನೆ ಎದ್ದ. ತೊಡೆಯ ಮೇಲಿದ್ದ ಟೂಲ್ ಬ್ಯಾಗು ಜಾರಿ, ಸ್ಕ್ರೂಡ್ರೈವರುಗಳೆಲ್ಲ ಹಜಾರದ ಉದ್ದಕ್ಕೂ ಉರುಳಿದವು. "ಮತ್ತೆ ಹೋಯ್ತಲ್ಲಕ್ಕ! ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೂ ನನ್ನ ಅಂಗಡೀಲಿ ಕೆಮ್ಮದೆ ಸೀನದೆ ಓಡಿದ್ದು ಇದೇ ಕಂಪ್ಯೂಟರು. ಇಲ್ಲಿಗೆ ತಂದ ತಕ್ಷಣ ಅದಕ್ಕೆ ಏನು ಬರುತ್ತೆ ಅಂತೀನಿ?"

ಪಕ್ಕದಲ್ಲಿದ್ದ ಅವನ ಅಕ್ಕ ಏಳಲಿಲ್ಲ. ಆರಿದ ದೀಪವನ್ನೇ ನೋಡುತ್ತ, "ಯಾಕೆ?" ಅಂದಳು.

ಅವಳು ಹಾಗೇ. ಪತ್ತೇದಾರಿಕೆಯ ಬೋರ್ಡು ನೇತುಹಾಕಿದ ದಿನದಿಂದ ಅವಳ ಬಂಡವಾಳವೆಲ್ಲ ಆ ಒಂದೇ ಪದ. ಉತ್ತರ ಕೊಟ್ಟು ಕೊಟ್ಟು ಸುಸ್ತಾದವರು ಅವಳಿಗೆ ಯಾಕಮ್ಮ ಎಂದೇ ಹೆಸರಿಟ್ಟಿದ್ದರು. ತಮ್ಮನಿಗೆ ಸ್ಕ್ರೂ ಎಂಬ ಹೆಸರು ಬಿದ್ದದ್ದು ಬೇರೆ ಕಾರಣಕ್ಕೆ. ಯಾವ ಕಂಪ್ಯೂಟರ್ ಬಿಚ್ಚಿ ಮುಚ್ಚಿದರೂ ಕೊನೆಗೆ ಅವನ ಕೈಯಲ್ಲಿ ಒಂದು ಸ್ಕ್ರೂ ಮಿಕ್ಕೇ ಮಿಗುತ್ತಿತ್ತು. ಆದರೂ ಕಂಪ್ಯೂಟರ್ ಓಡುತ್ತಿತ್ತು, ಈ ಒಂದನ್ನು ಬಿಟ್ಟು.

ಬಾಗಿಲಿನಾಚೆ ಇದ್ದದ್ದು ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಒಂದು ಪುಟ್ಟ ಸ್ಟುಡಿಯೋ; ರೆಕಾರ್ಡಿಂಗ್ ನಡೆಯುವಷ್ಟು ಹೊತ್ತು ಒಳಗೂ ಹೊರಗೂ ಕೆಂಪು ದೀಪ ಉರಿಯುತ್ತಿತ್ತು. ಅಲ್ಲಿನ ಕಂಪ್ಯೂಟರ್ ಕೆಲವು ವಾರಗಳಿಂದ ಹೇಳದೆ ಕೇಳದೆ ಬೀಳುತ್ತಿತ್ತು; ಹೋದ ವಾರ ಬಿದ್ದಾಗ ಒಂದು ದಪ್ಪ ಕಾದಂಬರಿಯ ಕೊನೆಯ ಅಧ್ಯಾಯವನ್ನೇ ನುಂಗಿ ಹಾಕಿತ್ತು. ಓದಿದವರು ಸ್ಟುಡಿಯೋ ಯಜಮಾನರ ತಾಯಿ, ಎಲ್ಲರ ಬಾಯಲ್ಲಿ ಹಿರಿಯಮ್ಮ. ನಾಳೆ ಬೆಳಿಗ್ಗೆ ಅವರ ಗಂಟಲಿಗೆ ಆಪರೇಷನ್. ಆಮೇಲೆ ಆ ದನಿ ಹೀಗೇ ಉಳಿಯುತ್ತದೆಂದು ಯಾವ ಡಾಕ್ಟರೂ ಮಾತು ಕೊಟ್ಟಿರಲಿಲ್ಲ. ಇವತ್ತು ಸಂಜೆ ಆಸ್ಪತ್ರೆಗೆ ಹೊರಡುವುದರೊಳಗೆ ಆ ಅಧ್ಯಾಯ ಸಿಕ್ಕರೆ ಸಿಕ್ಕಿತು. ಇಲ್ಲದಿದ್ದರೆ ಇಲ್ಲ.

ಬಾಗಿಲು ತೆರೆಯಿತು. ಯಜಮಾನರ ಮುಖ ಸಿಟ್ಟಿಗೆ ಉರಿಯುತ್ತಿತ್ತು.

"ಬನ್ನಿ ಮೇಡಂ, ನೀವೇ ಕಣ್ಣಾರೆ ನೋಡಿ. ನಾನು ಹೇಳಿದ್ರೆ ಮನೆ ಜಗಳ ಅಂತೀರಿ. ಈಗ ಯಾರು ಕೂತಾಗ ಬಿತ್ತು? ಅವಳು. ಹೋದ ವಾರ? ಅವಳೇ. ನಾನು ಕೂತು ಮೇಲ್ ನೋಡುವಾಗ ಒಂದಿನಾನಾದ್ರೂ ಬಿದ್ದಿದೆಯಾ? ಇಲ್ಲ!"

ಅವಳು ಎಂದರೆ ಯಜಮಾನರ ತಮ್ಮನ ಹೆಂಡತಿ, ಹಿರಿಯಮ್ಮನ ಕಿರಿ ಸೊಸೆ. ಸ್ಟುಡಿಯೋದ ರೆಕಾರ್ಡಿಂಗೆಲ್ಲ ಅವಳದೇ. ಹೆಡ್‌ಫೋನನ್ನು ಕುತ್ತಿಗೆಗೆ ಇಳಿಬಿಟ್ಟುಕೊಂಡು, ಕಪ್ಪಾದ ಪರದೆಯ ಮುಂದೆ ಕೈಕಟ್ಟಿ ಕೂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ, ಆದರೆ ಮುಖದಲ್ಲಿ ಜೀವವೂ ಇರಲಿಲ್ಲ. ಇವತ್ತು ಕೊನೆಯ ಅಧ್ಯಾಯ ಆಗದಿದ್ದರೆ ಬೀಗದಕೈ ಮೇಜಿನ ಮೇಲಿಟ್ಟು ಹೋಗತಕ್ಕದ್ದು ಎಂದು ಭಾವ ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

ಅವಳ ಮುಂದೆ ಗೋಡೆಯಲ್ಲಿ ಒಂದು ಗಾಜು. ಗಾಜಿನಾಚೆ ಓದುವ ಕೋಣೆ. ಎರಡರ ನಡುವಿನ ಬಾಗಿಲು ಈಗ ತೆರೆದಿತ್ತು. ಅಲ್ಲಿ ಶಾಲು ಹೊದ್ದ ಹಿರಿಯಮ್ಮ ಪುಸ್ತಕದ ನಡುವೆ ಬೆರಳಿಟ್ಟುಕೊಂಡು, ಬಸ್ಸು ತಪ್ಪಿದವರಂತೆ ಸುಮ್ಮನೆ ಕೂತಿದ್ದರು.

ಸ್ಕ್ರೂ ಕಂಪ್ಯೂಟರಿನ ಗುಂಡಿ ಒತ್ತಿದ. ಊಹೂಂ. ಇನ್ನೊಮ್ಮೆ ಒತ್ತಿದ. ಒಂದು ಸಲ ಗುರ್ ಎಂದು ಮತ್ತೆ ತೆಪ್ಪಗಾಯಿತು.

"ಪ್ರತಿ ಸಲ ಇದೇ ರಾಮಾಯಣ," ಯಜಮಾನರು ಗೊಣಗಿದರು. "ಬಿದ್ರೆ ಒಂದು ಕಾಫಿ ಕುಡಿದು ಬರೋವರೆಗೂ ಏಳಲ್ಲ. ಅಧ್ಯಾಯ ಹೋದ ದಿನ ಮಾತ್ರ ಒತ್ತಿದ ತಕ್ಷಣ ಎದ್ದು ಕೂತ್ಕೊಳ್ತು. ಎದ್ದು ಏನು ಬಂತು, ಹೋಗೋದು ಹೋಗಿತ್ತು."

ಸ್ಕ್ರೂ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಗಿರಣಿ ಓಡುತ್ತಿತ್ತು. ಒಂದು ಸಲಕ್ಕೆ ಒಂದೇ ಭಾಗ ಬದಲಿಸಬೇಕು, ಓಡಿಸಿ ನೋಡಬೇಕು, ಆಮೇಲೇ ಇನ್ನೊಂದಕ್ಕೆ ಕೈ ಹಾಕಬೇಕು, ಇದು ಅವನ ಕಟ್ಟುನಿಟ್ಟು. ಹಾಗೇ ರ‍್ಯಾಮ್ ಬದಲಿಸಿದ್ದ. ಕರೆಂಟು ಕೊಡುವ ಪವರ್ ಸಪ್ಲೈ ಬದಲಿಸಿದ್ದ. ಇದ್ದದ್ದನ್ನೆಲ್ಲ ಕಾಪಿ ಮಾಡಿಟ್ಟುಕೊಂಡು ಡಿಸ್ಕನ್ನು ಅಳಿಸಿ ಹೊಸದಾಗಿ ಎಲ್ಲ ತುಂಬಿದ್ದ. ಬಿಸಿಯ ಮೇಲೂ ಅನುಮಾನ ಬಂದಿತ್ತು. ಫ್ಯಾನುಗಳ ಧೂಳು ಊದಿ, ಅಂಗಡಿಯಲ್ಲಿ ಬೆವರಿಳಿಯುವಷ್ಟು ಕೆಲಸ ಕೊಟ್ಟು ನೋಡಿದ್ದ. ತಣ್ಣಗೆ ಓಡಿತ್ತು. ಹಾಗಾಗಿ ಬಿಸಿಯನ್ನು ನಿರಪರಾಧಿ ಎಂದು ಬಿಟ್ಟುಕಳಿಸಿದ್ದ.

ಯಾಕಮ್ಮ ಕಂಪ್ಯೂಟರ್ ಡಬ್ಬದ ನೆತ್ತಿಯ ಮೇಲೆ ಅಂಗೈ ಇಟ್ಟು, ಸರಕ್ಕನೆ ತೆಗೆದಳು.

"ಲೋ, ಇದು ಸುಡ್ತಿದೆಯಲ್ಲೋ."

"ರೆಕಾರ್ಡಿಂಗ್ ಹೊತ್ತಲ್ಲಿ ಏಸಿ ಇಲ್ಲ, ಫ್ಯಾನಿಲ್ಲ. ರೂಮೇ ಕಾದಿದೆ. ಡಬ್ಬ ಕಾಯಲ್ವಾ?"

"ನಿನ್ನ ಅಂಗಡೀಲಿ ಏಸಿ ಇದೆಯಾ?"

"ನನ್ನ ಅಂಗಡಿಗೆ ಕಿಟಕೀನೇ ಇಲ್ಲ."

"ಅಂದ್ಮೇಲೆ?"

ಸ್ಕ್ರೂ ತಲೆ ಕೆರೆದುಕೊಂಡ. ಬಾಲ್ಯದಿಂದಲೂ ಈ ಅಕ್ಕನ ಮುಂದೆ ಅವನಿಗೆ ಇದೇ ಗತಿ.

"ಮೇಡಂ, ಬಿಸಿ ತಣ್ಣಗೆ ಆಮೇಲೆ ನೋಡಿ," ಯಜಮಾನರು ನಡುವೆ ಬಂದರು. "ನಾನು ಇನ್ನೊಂದು ಕೇಳ್ತೀನಿ. ನಿಮ್ಮ ತಮ್ಮ ಹೋದ ಅಧ್ಯಾಯದ ಚೂರುಪಾರು ಏನಾದ್ರೂ ಸಿಕ್ಕಿದ್ರೆ ಜೋಡಿಸಿ ಕೊಡ್ತೀನಿ ಅಂದ್ರು. ಆಗ ಇವಳು ಏನಂದ್ಲು ಗೊತ್ತಾ? 'ಬೇಡ ಬಿಡಿ' ಅಂದ್ಲು! ಕಳ್ಕೊಂಡವರು ಯಾರಾದ್ರೂ ಹುಡುಕಬೇಡಿ ಅಂತಾರಾ?"

ಯಾಕಮ್ಮ ಕಿರಿ ಸೊಸೆಯ ಕಡೆ ತಿರುಗಿದಳು. "ಯಾಕಮ್ಮ ಹಾಗಂದೆ?"

ಕಿರಿ ಸೊಸೆ ಒಂದು ಕ್ಷಣ ಗಾಜಿನ ಕಡೆ ನೋಡಿದಳು. "ಸುಮ್ನೆ," ಅಂದಳು.

ಸುಮ್ನೆ! ಅಕ್ಕನ ಮುಂದೆ ಹಾಗಂದವರನ್ನು ಅವಳು ಬಿಟ್ಟದ್ದೇ ಇಲ್ಲ. ಈಗ ಒಂದು ಬೆಂಕಿಮಳೆ ಸುರಿಯುತ್ತದೆ ಎಂದು ಸ್ಕ್ರೂ ಕಾದ. ಅಕ್ಕ ಮಾತ್ರ, "ಆಯ್ತು," ಎಂದು ಸುಮ್ಮನಾದಳು. ಅವನಿಗೆ ನಿಜಕ್ಕೂ ಗಾಬರಿಯಾಯಿತು.

ಆ ಗಾಬರಿಯಲ್ಲೇ, ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಗುಟ್ಟು ಬಾಯಿಗೆ ಬಂದುಬಿಟ್ಟಿತು. "ಬೇಡ ಅಂದ್ರೂ ನಾನು ಹುಡುಕಿದೆ. ಸಿಕ್ಕಿದೆ!" ಅವನು ಅಂಗಿಯ ಜೇಬು ತಟ್ಟಿಕೊಂಡ. "ಒಂದು ತುಂಡು. ಈ ಪೆನ್‌ಡ್ರೈವಲ್ಲಿದೆ. ಉದ್ದ ನೋಡಿದ್ರೆ ಕೊನೇ ಪುಟಕ್ಕಿಂತ ಮುಂಚೆ ನಿಂತಿದೆ ಅನ್ಸುತ್ತೆ, ಪೂರ್ತಿ ಅಲ್ಲ. ನಾನಿನ್ನೂ ಕೇಳಿಲ್ಲ, ಜೋಡಿಸೋ ಹೊತ್ತಿಗೆ ಇಲ್ಲಿಗೆ ಹೊರಡೋ ಟೈಮಾಯ್ತು."

ಗಾಜಿನಾಚೆ ಬಿಸಿನೀರು ಕುಡಿಯುತ್ತಿದ್ದ ಹಿರಿಯಮ್ಮನಿಗೆ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಕಿರಿ ಸೊಸೆ ಓಡಿಹೋಗಿ ಬೆನ್ನು ನೀವಿದಳು.

"ಗಂಟಲು ಜೋಪಾನ ಅಮ್ಮ!" ಯಜಮಾನರು ಕೂಗಿದರು. ಆಮೇಲೆ ಸ್ಕ್ರೂನ ಕಡೆ ತಿರುಗಿ, "ಹಾಕಿ ನೋಡೋಣ ಅದನ್ನ," ಅಂದರು.

"ಯಾವುದರಲ್ಲಿ ಹಾಕ್ಲಿ? ಇದು ಎದ್ದಿಲ್ಲವಲ್ಲ."

"ಮೊದಲು ಕಂಪ್ಯೂಟರು," ಯಾಕಮ್ಮ ತೀರ್ಪು ಕೊಟ್ಟಳು. "ಆಮೇಲೆ ಪೆನ್‌ಡ್ರೈವು. ಬಾಮ್ಮ ಇಲ್ಲಿ. ರೆಕಾರ್ಡಿಂಗ್ ಶುರು ಮಾಡೋಕೆ ಮುಂಚೆ ಏನೇನು ಮಾಡ್ತೀಯೋ ಅದನ್ನ ಮಾಡಿ ತೋರಿಸು. ಬಾಯಲ್ಲಿ ಹೇಳಬೇಡ. ಹಲ್ಲುಜ್ಜುವಾಗ ಹೇಗೋ ಹಾಗೆ, ಯೋಚನೆ ಮಾಡದೆ ಮಾಡು. ನಾವು ಯಾರೂ ಇಲ್ಲಿಲ್ಲ ಅಂದ್ಕೋ."

"ರೆಕಾರ್ಡಿಂಗಲ್ಲಿ ಹೊರಗಿನವರನ್ನ ಕೂರಿಸಲ್ಲ ನಾವು," ಯಜಮಾನರು ತಡೆದರು. "ಅದಕ್ಕೇ ಅಲ್ವಾ ನಿಮ್ಮನ್ನ ಹಜಾರದಲ್ಲಿ ಕೂರಿಸಿದ್ದು. ನಡುವಿನ ಬಾಗಿಲು ಸರಿಯಾಗಿ ಕೂರಲ್ಲ. ಇಲ್ಲಿ ಉಸಿರಾಡಿದ್ರೂ ಮೈಕಿಗೆ ಹೋಗುತ್ತೆ."

"ಉಸಿರು ಬಿಗಿಹಿಡೀತೀವಿ. ನೀನು ಮಾಡಮ್ಮ."

ಕಿರಿ ಸೊಸೆ ಎದ್ದಳು. ಬಳೆಗಳನ್ನು ಕಳಚಿ ಡ್ರಾಯರಿನಲ್ಲಿಟ್ಟಳು. ಫೋನು ಆಫ್ ಮಾಡಿದಳು. ಗೋಡೆ ಗಡಿಯಾರವನ್ನು ಇಳಿಸಿ ಅದರ ಬ್ಯಾಟರಿ ತೆಗೆದಳು. ಭಾವನ ಕುರ್ಚಿ ಕಿರುಗುಟ್ಟುತ್ತದೆಂದು ಅವರನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದಳು. ಅವರು ಮರುಮಾತಿಲ್ಲದೆ ಕೂತರು, ಅಷ್ಟು ಅಭ್ಯಾಸ. ಏಸಿ ಆರಿಸಿದಳು. ಕಿಟಕಿಯ ಚಿಲಕ ಬಿಗಿ ಮಾಡಿದಳು. ಆಮೇಲೆ ಸೋಫಾದ ಮೇಲೆ ಮಡಿಸಿಟ್ಟಿದ್ದ ದಪ್ಪ ರಜಾಯಿಯನ್ನು ಎತ್ತಿ, ಕೊಡವಿ, ಮಲಗಿದ ಮಗುವಿಗೆ ಹೊದಿಸುವಂತೆ ಕಂಪ್ಯೂಟರಿಗೆ ಹೊದಿಸಿದಳು. ಎರಡು ಪಕ್ಕವೂ ಒತ್ತಿ ಸಿಕ್ಕಿಸಿದಳು. ಕೂತು ಹೆಡ್‌ಫೋನು ಹಾಕಿಕೊಂಡಳು.

"ಅಷ್ಟೇ," ಅಂದಳು.

ಸ್ಕ್ರೂಗೆ ಹಿಡಿದಿದ್ದ ಉಸಿರೆಲ್ಲ ಒಮ್ಮೆಗೇ ಹೊರಬಂತು.

"ಅದೇನದು?"

"ಯಾವುದು?"

"ಆ ರಜಾಯಿ!"

"ಯಾವ ರಜಾಯಿ?" ಅವಳು ಸುತ್ತ ನೋಡಿದಳು. ನಿಜವಾಗಿಯೂ ಹುಡುಕಿದಳು. ಕೊನೆಗೆ ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು. "ಓ, ಇದಾ? ಇದರ ಫ್ಯಾನ್ ಸದ್ದು ಮೈಕಿಗೆ ಹೋಗುತ್ತಲ್ಲ, ಅದಕ್ಕೆ ಹೊದಿಸ್ತೀವಿ. ಮೊದಲಿಂದ್ಲೂ ಹಾಗೇ."

"ನಾನು ಇಷ್ಟು ಸಲ ಬಂದಿದೀನಿ, ಒಂದು ಸಲಾನೂ ನೋಡಿಲ್ಲವಲ್ಲಾ!"

"ನೀವು ಬಂದಾಗ ತೆಗೆದಿಡ್ತೀವಿ. ರಿಪೇರಿ ಮಾಡೋಕೆ ಬಂದವರಿಗೆ ಹೊದಿಸಿ ತೋರಿಸ್ತಾರಾ ಯಾರಾದ್ರೂ?"

ಸ್ಕ್ರೂ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ನಕ್ಕೇಬಿಟ್ಟ. ಎಷ್ಟು ದಿನದಿಂದ ಹುಡುಕುತ್ತಿದ್ದ ಕಳ್ಳ ಸೋಫಾದ ಮೇಲೆ ಮಡಿಸಿಕೊಂಡು ಕೂತಿದ್ದ! ಕಿರಿ ಸೊಸೆ ಕೂತಾಗಲೇ ಯಾಕೆ ಬೀಳುತ್ತದೆ? ರೆಕಾರ್ಡ್ ಮಾಡುವವಳು ಅವಳೊಬ್ಬಳೇ. ಯಜಮಾನರು ಮೇಲ್ ನೋಡುವಾಗ ಯಾಕೆ ಬೀಳುವುದಿಲ್ಲ? ಮೇಲ್ ನೋಡಲು ಯಾರೂ ರಜಾಯಿ ಹೊದಿಸುವುದಿಲ್ಲ.

"ಉಸಿರು ಕಟ್ಟಿ ಸಾಯ್ತಾ ಇತ್ತು ಅಕ್ಕ, ಪಾಪದ್ದು! ಬಿಸಿ ಮಿತಿಮೀರಿದ್ರೆ ತನ್ನನ್ನ ತಾನೇ ಆಫ್ ಮಾಡ್ಕೊಳ್ಳುತ್ತೆ. ತಣ್ಣಗಾಗೋವರೆಗೂ ಏಳಲ್ಲ. ಬಿಸಿ ಅಂತ ನಾನು ಮೊದಲೇ ಹೇಳಿರ್ಲಿಲ್ವಾ?"

"ಹೇಳಿ, ನೀನೇ ಬಿಟ್ಟು ಕಳಿಸಿದ್ದೆ. ಇರ್ಲಿ. ಇಷ್ಟು ವರ್ಷ ಹೊದ್ಕೊಂಡೇ ಓಡಿದೆಯಲ್ಲ. ಈಗ ಯಾಕೆ ಬೀಳುತ್ತೆ?"

ಸ್ಕ್ರೂನ ನಗು ಅರ್ಧಕ್ಕೆ ನಿಂತಿತು. ಅವನು ರಜಾಯಿ ಸರಿಸಿ ಡಬ್ಬದ ನೆತ್ತಿಯ ಜಾಲರಿಯನ್ನು ನೋಡಿದ. ಕಿವಿ ಬಿಸಿಯಾಯಿತು.

"ಹಳೇ ಡಬ್ಬ ಬೆನ್ನಿಂದ ಗಾಳಿ ಬಿಡ್ತಿತ್ತು. ರಜಾಯಿ ಬೆನ್ನಿನ ಕಡೆ ಬರ್ತಿರ್ಲಿಲ್ಲ," ಅಂದ, ಮೆಲ್ಲಗೆ. "ಇದು ನೆತ್ತಿಯಿಂದ ಬಿಡುತ್ತೆ. ಹೋದ ತಿಂಗಳು ಹಾಕಿದ ಈ ಹೊಸ ಡಬ್ಬ..."

"ಚೆನ್ನಾಗಿ ಗಾಳಿಯಾಡುತ್ತೆ, ಇದನ್ನೇ ಹಾಕಿಸ್ಕೊಳ್ಳಿ ಅಂತ ನೀವೇ ತಲೆ ತಿಂದು ಹಾಕಿದ್ದು!" ಯಜಮಾನರು ಸ್ಟೂಲಿನಿಂದ ಎಗರಿದರು.

"ಗಾಳಿಯೇನೋ ಚೆನ್ನಾಗೇ ಆಡುತ್ತೆ ಸಾರ್, ರಜಾಯಿ ಇಲ್ಲದಿದ್ರೆ!"

ಮೊದಲ ಸಲ ಕಿರಿ ಸೊಸೆಯ ತುಟಿಯಂಚಿನಲ್ಲಿ ಒಂದು ನಗೆ ಮೂಡಿತು. ಗಾಜಿನಾಚೆ ಹಿರಿಯಮ್ಮನೂ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಆ ಕ್ಷಣ ಆ ಮನೆಯವರೆಲ್ಲ ಒಂದಾಗಿದ್ದರು; ಅದನ್ನು ನೋಡಿ ಸ್ಕ್ರೂಗೆ ತುಂಬ ಖುಷಿಯಾಯಿತು.

ಮುಂದಿನದೆಲ್ಲ ಚಕಚಕನೆ ನಡೆಯಿತು. ಕಂಪ್ಯೂಟರನ್ನು ಮೇಜಿನ ಬುಡದಿಂದ ಆಚೆ ಎಳೆದು ಮೂಲೆಗೆ ಸೇರಿಸಬೇಕಿತ್ತು. ಸ್ಕ್ರೂ ಕರೆಂಟಿನ ವೈರನ್ನು ಎಳೆದ. ಅದು ಗೋಡೆಯಲ್ಲಿ ಸ್ಪಂಜು ತುರುಕಿದ ಒಂದು ತೂತಿನಿಂದ ಇಷ್ಟಿಷ್ಟೇ ಹೊರಬಂದು, ಮೂಲೆ ಮುಟ್ಟುವಷ್ಟಾಗಿ ಬಿಗಿಯಾಯಿತು. ಎರಡು ಕುರ್ಚಿಗಳ ಬೆನ್ನಿಗೆ ರಜಾಯಿಯನ್ನು ಪರದೆಯಂತೆ ಅಡ್ಡ ಕಟ್ಟಿದ. "ಸದ್ದು ತಡೀಬೇಕು ಅಂದ್ರೆ ಅಡ್ಡ ಕಟ್ಟಿ. ಮೈಮೇಲೆ ಮಾತ್ರ ಹೊದಿಸಬೇಡಿ," ಎಂದು ಎಲ್ಲರಿಗೂ ಪಾಠ ಹೇಳಿದ. ತಣ್ಣಗಾದ ಕಂಪ್ಯೂಟರ್ ಗುಂಡಿ ಒತ್ತುತ್ತಲೇ ಎದ್ದಿತು. ಬಿಸಿ ಎಷ್ಟಿದೆಯೆಂದು ತೋರಿಸುವ ಒಂದು ಪುಟ್ಟ ಕಿಟಕಿಯನ್ನು ಪರದೆಯ ಮೂಲೆಯಲ್ಲಿ ತೆರೆದಿಟ್ಟ.

"ಪೆನ್‌ಡ್ರೈವ್ ಕೇಳೋಣ್ವಾ?" ಯಜಮಾನರು ಕೇಳಿದರು.

"ಭಾವ, ಆಂಬುಲೆನ್ಸ್ ಬರೋ ಹೊತ್ತಾಗುತ್ತೆ," ಕಿರಿ ಸೊಸೆ ತಟ್ಟನೆ ಅಂದಳು. "ಮೊದಲು ಅತ್ತೆ ಓದಿಬಿಡ್ಲಿ."

ಅದೂ ಸರಿಯೇ. ಬಿಸಿಯ ಮೇಲೆ ಕಣ್ಣಿಡಬೇಕೆಂದು ಈ ಸಲ ಅಕ್ಕ ತಮ್ಮ ಇಬ್ಬರೂ ಒಳಗೇ ಕೂತರು. ನಡುವಿನ ಬಾಗಿಲು ಮುಚ್ಚಿತು. ಕೆಂಪು ದೀಪ ಹೊತ್ತಿತು.

ಹಿರಿಯಮ್ಮ ಓದತೊಡಗಿದರು.

ಸ್ಕ್ರೂ ಆ ದನಿಯನ್ನು, ತೀರ ಸಣ್ಣಗೆ ಇಟ್ಟ ಸ್ಪೀಕರಿನಲ್ಲಿ, ಇಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ದನಿ ಸ್ವಲ್ಪ ಒಡೆದಿತ್ತು, ಅಲ್ಲಲ್ಲಿ ತಡೆಯುತ್ತಿತ್ತು. ಆದರೂ ಓದುವುದೆಂದರೆ ಹಾಗೆ ಓದಬೇಕು. ಕತೆಯಲ್ಲಿ ದೋಣಿಯವನೊಬ್ಬ ತನ್ನ ಮಗಳನ್ನು ದಡದಲ್ಲಿ ಬಿಟ್ಟು ತಿರುಗಿ ನೋಡದೆ ಹೋಗುತ್ತಿದ್ದ. ಹಿಂದಿನ ಕತೆ ಒಂದಕ್ಷರವೂ ಗೊತ್ತಿಲ್ಲದ ಸ್ಕ್ರೂ ಬಿಸಿಯ ಕಿಟಕಿ ನೋಡುವುದನ್ನೇ ಮರೆತ. ಇವನು ತಿರುಗಿ ನೋಡಬಾರದೇ ಎನ್ನಿಸಿತು.

ಪುಟಗಳು ತಿರುಗಿದವು. ಮೂಲೆಯ ಕಿಟಕಿಯಲ್ಲಿ ಬಿಸಿ ಏರಲಿಲ್ಲ. ಕಂಪ್ಯೂಟರ್ ಹಟ ಮಾಡಲಿಲ್ಲ. ಯಜಮಾನರು ಸದ್ದಿಲ್ಲದೆ ಎದ್ದು ಬಂದು, ತಂಗಿಯಂತೆ ನೋಡಿಕೊಳ್ಳಬೇಕಿದ್ದ ಆ ಹೆಣ್ಣುಮಗಳ ಮುಂದೆ ಕೈಮುಗಿದರು. ಗಂಡಸು ಅತ್ತೇಬಿಡುವ ಹಾಗಿತ್ತು. ಅವಳು ಬೇಡ ಬೇಡ ಎಂದು ತಲೆಯಾಡಿಸಿದಳು. ಗೆದ್ದವಳ ಮುಖವಲ್ಲ ಅದು. ಅವಳ ಕಣ್ಣು ಸ್ಕ್ರೂನ ಜೇಬಿನ ಮೇಲಿತ್ತು.

ಸ್ಕ್ರೂ ಮಾತ್ರ ಆಕಾಶದಲ್ಲಿದ್ದ. ಅಕ್ಕನ ಕಡೆ ನೋಡಿ ಹೆಬ್ಬೆರಳು ಎತ್ತಿ ತೋರಿಸಿದ. ಕೇಸು ಮುಗಿಯಿತು!

ಅಕ್ಕ ಹೆಬ್ಬೆರಳು ಎತ್ತಲಿಲ್ಲ. ಮೆಲ್ಲಗೆ ಬಂದು ಅವನ ಕಿವಿಗೆ ಬಾಯಿಟ್ಟಳು.

"ಬಿಸಿಯಾಗಿ ಬಿದ್ರೆ ತಕ್ಷಣ ಏಳುತ್ತಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಈಗ ತಾನೇ ಹೇಳಿದೆನಲ್ಲ ಎಂಬಂತೆ ಕೈ ತಿರುಗಿಸಿದ.

"ಅಧ್ಯಾಯ ಹೋದ ದಿನ ತಕ್ಷಣ ಎದ್ದಿತ್ತಂತೆ. ಯಾಕೆ?"

ಸ್ಕ್ರೂನ ಹೆಬ್ಬೆರಳು ತಾನಾಗಿಯೇ ಕೆಳಗಿಳಿಯಿತು.

ಒತ್ತಿದ ತಕ್ಷಣ ಎದ್ದು ಕೂತ್ಕೊಳ್ತು. ಯಜಮಾನರು ಹೇಳಿದ್ದರು, ಅವನ ಎದುರಿಗೇ ಹೇಳಿದ್ದರು. ಮಿಕ್ಕ ಸಲವೆಲ್ಲ ಕಂಪ್ಯೂಟರ್ ಬಿಸಿಗೆ ಬಿದ್ದಿತ್ತು. ಆ ಒಂದು ಸಲ ಅದು ಬೀಳಲೇ ಇಲ್ಲ. ಯಾರೋ ಕರೆಂಟು ತೆಗೆದಿದ್ದರು.

ಅಕ್ಕ ಆಗಲೇ ಬಗ್ಗಿದ್ದಳು. ಡಬ್ಬದ ಬೆನ್ನಿಂದ ಹೊರಟ ವೈರಿನ ಮೇಲೆ ಬೆರ‍ಳಾಡಿಸುತ್ತ, ನೆಲದುದ್ದಕ್ಕೂ ಹೋಗಿ, ಸ್ಪಂಜು ತುರುಕಿದ ತೂತಿನ ಹತ್ತಿರ ನಿಂತಳು. ಹುಬ್ಬೇರಿಸಿ ತಮ್ಮನನ್ನು ನೋಡಿದಳು.

ಸ್ಕ್ರೂಗೆ ಗೊತ್ತಿತ್ತು. ಧ್ವನಿಯ ಕೆಲಸ ಮಾಡುವವರೆಲ್ಲ ಹೀಗೇ. ಮೈಕಿನ ಸಾಮಾನು ಒಂದು ಕಡೆಯಿಂದ, ಕಂಪ್ಯೂಟರ್ ಇನ್ನೊಂದು ಕಡೆಯಿಂದ ಕರೆಂಟು ತೆಗೆದುಕೊಂಡರೆ ರೆಕಾರ್ಡಿಂಗಿನಲ್ಲಿ ಗುಂಯ್ ಎಂಬ ಸದ್ದು ಸೇರುತ್ತದೆ. ಹಾಗಾಗಿ ಎಲ್ಲಕ್ಕೂ ಒಂದೇ ಸ್ವಿಚ್ ಬೋರ್ಡು. ಆ ಬೋರ್ಡು ಈ ಕೋಣೆಯಲ್ಲಿರಲಿಲ್ಲ. ಅದು ಗೋಡೆಯಾಚೆ, ಓದುವ ಮೇಜಿನ ಕೆಳಗಿತ್ತು. ಕಂಪ್ಯೂಟರಿನ ಸ್ವಿಚ್ಚನ್ನು ಯಾರೂ ಮರೆತು ಮುಟ್ಟದಿರಲೆಂದು ಅದರ ಮೇಲೆ ನೇಲ್ ಪಾಲಿಶ್‌ನಲ್ಲಿ ಒಂದು ಕೆಂಪು ಚುಕ್ಕೆ ಇಟ್ಟಿದ್ದರು. ಮೊನ್ನೆ ಅವನೇ ಮಂಡಿಯೂರಿ ಕೂತು ಅದರ ವೋಲ್ಟೇಜು ಅಳೆದಿದ್ದ.

ಆ ಕೋಣೆಯಲ್ಲಿ ರೆಕಾರ್ಡಿಂಗ್ ಹೊತ್ತಿಗೆ ಇರುವವರು ಒಬ್ಬರೇ.

ಸ್ಪೀಕರಿನಲ್ಲಿ ಓದು ನಿಂತಿತು.

ನಾಲ್ವರೂ ತಲೆಯೆತ್ತಿದರು. ಹಿರಿಯಮ್ಮ ಪುಸ್ತಕದಿಂದ ಕಣ್ಣೆತ್ತಿ, ಗಾಜಿನ ಮೂಲಕ ನೇರವಾಗಿ ಯಾಕಮ್ಮನನ್ನು, ಅವಳ ಕೈಯಲ್ಲಿದ್ದ ವೈರನ್ನು ನೋಡುತ್ತಿದ್ದರು. ಅವರ ಬಲಗೈ ಮೇಜಿನ ಮೇಲಿರಲಿಲ್ಲ.

"ಇನ್ನು ಒಂದೇ ಪುಟ ಉಳಿದಿದೆ," ಸ್ಪೀಕರಿನಲ್ಲಿ ಅವರ ದನಿ ಶಾಂತವಾಗಿ ಬಂತು. "ಅಷ್ಟರಲ್ಲಿ ನಿಮ್ಮ 'ಯಾಕೆ' ಇಲ್ಲಿಗೆ ಬಂದು ಮುಟ್ಟಿತಾ ತಾಯಿ?"

ಒಳಗಿನವರಿಗೆ ಕೇಳಿಸಲೆಂದು ಯಾಕಮ್ಮ ಮೇಜಿನ ಮೇಲಿದ್ದ ಮಾತಿನ ಗುಂಡಿ ಒತ್ತಿದಳು. "ಮುಟ್ಟಿತಮ್ಮ. ನೀವೇ ಹೇಳ್ತೀರಾ?"

"ಹೇಳ್ತೀನಿ. ಆವತ್ತು ಕರೆಂಟು ತೆಗೆದದ್ದು ನಾನೇ."

"ಅಮ್ಮಾ!" ಯಜಮಾನರು ಗಾಜಿಗೆ ಹೋಗಿ ಅಂಟಿಕೊಂಡರು. "ಏನು ಹೇಳ್ತಿದೀಯ?"

"ಕೊನೇ ಪುಟ ಅಂತ ಮನಸ್ಸು ಭಾರ ಆಗಿತ್ತು ಕಣೋ. ಓದೋದು ನಿಲ್ಲಿಸಿ ಇವಳ ಹತ್ರ ಒಂದು ಮಾತು ಆಡ್ಬಿಟ್ಟೆ. ಎಷ್ಟೋ ವರ್ಷದಿಂದ ಎದೇಲಿ ಇಟ್ಕೊಂಡಿದ್ದ ಮಾತು. ನಾಳೆ ದನಿ ಇರುತ್ತೋ ಇಲ್ಲವೋ, ಯಾರಿಗಾದ್ರೂ ಹೇಳಬೇಕು ಅನ್ನಿಸ್ತು. ಆಡಿ ಮುಗಿಸೋ ಹೊತ್ತಿಗೆ ನೀನು ಬಾಗಿಲು ತೆಗೆದು ಬಂದೆ. ಕೆಂಪು ದೀಪ ಇನ್ನೂ ಉರೀತಾ ಇತ್ತು, ಎಲ್ಲಾ ರೆಕಾರ್ಡ್ ಆಗಿತ್ತು. ಬಂದವನು ನೀನು ಹಿಂದಕ್ಕೆ ತಿರುಗಿಸಿ ಕೇಳದೆ ಬಿಡೋನಲ್ಲ. ಕೈಗೆ ಸಿಕ್ಕಿದ್ದು ಈ ಸ್ವಿಚ್ಚು. ಆರಿಸಿ ಮತ್ತೆ ಹಾಕ್ದೆ. ಇದು ಹೇಗೂ ಬೀಳೋ ಮಷೀನು ತಾನೇ, ಇನ್ನೊಂದು ಸಲ ಬಿತ್ತು ಅಂದ್ಕೊಳ್ತಾರೆ ಅಂತ."

ಯಜಮಾನರು ಕಿರಿ ಸೊಸೆಯ ಕಡೆ ತಿರುಗಿದರು. "ನಿನಗೆ ಗೊತ್ತಿತ್ತು. ಇಷ್ಟು ದಿನ ನಾನು ಬಾಯಿಗೆ ಬಂದಂಗೆ ಬೈದೆ. ಬೀಗದಕೈ ಕೇಳ್ದೆ. ಒಂದು ಮಾತು ಹೇಳಬಾರ್ದಿತ್ತಾ?"

"ಅತ್ತೆ ಮಾತು ಅತ್ತೆಯದು, ಭಾವ. ನಾನು ಹೇಗೆ ಹೇಳ್ಲಿ?"

ಸ್ಕ್ರೂಗೆ ಆ ಹೆಣ್ಣುಮಗಳ ಮೇಲೆ ಎಂಥ ಗೌರವ ಬಂತೆಂದರೆ ಎದ್ದು ನಿಂತುಬಿಟ್ಟ. ಮರುಗಳಿಗೆ ತಾನು ಮಾಡಿದ್ದೇನೆಂದು ಅರ್ಥವಾಗಿ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ. ಅವಳು ಬೇಡ ಬಿಡಿ ಅಂದಿದ್ದಳು. ಇವನು ಹುಡುಕಿದ್ದ. ಹುಡುಕಿ, ಜೋಡಿಸಿ, ಎಲ್ಲರ ಮುಂದೆ ಎದೆ ತಟ್ಟಿಕೊಂಡಿದ್ದ.

ಯಜಮಾನರಿಗೂ ಅದೇ ಹೊಳೆದಿರಬೇಕು. ಅವರು ನಿಧಾನವಾಗಿ ಸ್ಕ್ರೂನ ಜೇಬನ್ನು ನೋಡಿದರು.

"ಆ ಮಾತು ಅದರಲ್ಲಿದೆ."

ಅವರು ಮತ್ತೆ ಗಾಜಿನ ಕಡೆ ತಿರುಗಿದರು.

"ಅಮ್ಮ, ಅದು ಯಾರ ವಿಷಯ?"

ಹಿರಿಯಮ್ಮ ಎಡಗೈಯಿಂದ ಶಾಲು ಬಿಗಿದುಕೊಂಡರು. ಆಮೇಲೆ, "ನಿನ್ನ ವಿಷಯ ಕಣೋ."

"ಅಂದ್ಮೇಲೆ ಕೇಳೋ ಹಕ್ಕು ನನಗಿದೆ."

"ಇದೆ. ಇಲ್ಲ ಅನ್ನಲ್ಲ." ಹಿರಿಯಮ್ಮ ಒಮ್ಮೆ ಕೆಮ್ಮಿ ಸಾವರಿಸಿಕೊಂಡರು. "ಆದ್ರೆ ನಾನಿರೋವರೆಗೂ ಬೇಡ. ನನ್ನ ಮುಂದೆ ಅದನ್ನ ಹಾಕಿದ್ರೆ ನಾನು ಈ ಸ್ವಿಚ್ಚು ಆರಿಸ್ತೀನಿ. ಈಗ ಓದಿದ್ದೂ ಹೋಗುತ್ತೆ, ಕೊನೇ ಪುಟ ನನ್ನ ಗಂಟಲಲ್ಲೇ ಆಸ್ಪತ್ರೆಗೆ ಹೋಗುತ್ತೆ. ಆ ತುಂಡು ಸೊಸೆ ಕೈಗೆ ಕೊಡಿಸು, ಓದಿ ಮುಗಿಸ್ತೀನಿ. ಎರಡರಲ್ಲಿ ಯಾವುದು ಬೇಕು ಅಂತ ನೀನೇ ಹೇಳು."

ಹೊರಗೆ ಬೀದಿಯಲ್ಲಿ ಒಂದು ಗಾಡಿ ಬಂದು ನಿಂತಿತು. ಬಾಗಿಲುಗಳು ತೆರೆದು ಮುಚ್ಚಿದ ಸದ್ದಾಯಿತು. ಆಂಬುಲೆನ್ಸಿನವರು ಸರಿಯಾದ ಹೊತ್ತಿಗೇ ಬಂದಿದ್ದರು.

ಸ್ಕ್ರೂ ಅಕ್ಕನ ಮುಖ ನೋಡಿದ. ಏನಾದರೂ ಕೇಳು ಅಕ್ಕ, ಈಗಲಾದರೂ ಒಂದು ಯಾಕೆ ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಯಾಕಮ್ಮ ಮಾತಿನ ಗುಂಡಿಯಿಂದ ಬೆರಳು ತೆಗೆದಳು. ಕಿರಿ ಸೊಸೆ ಎದ್ದು ಬಂದು ಅವನಿಗೂ ಯಜಮಾನರಿಗೂ ನಡುವೆ ನಿಂತಳು. "ಕೊಡಬೇಡಿ," ಅಂದಳು ಅವನಿಗೆ, ಪಿಸುದನಿಯಲ್ಲಿ. "ನಿಮ್ಮ ದಮ್ಮಯ್ಯ. ಅದನ್ನ ಕೇಳಿದ್ರೆ ಇವರು ತಡ್ಕೊಳ್ಳಲ್ಲ."

ಯಜಮಾನರು ಅವಳ ಭುಜದ ಮೇಲಿಂದ ಕೈ ಚಾಚಿದರು. ಅಂಗೈ ಬಿಚ್ಚಿತ್ತು.

"ಕೊಡಿ," ಅಂದರು.

ಗಾಜಿನಾಚೆ ಹಿರಿಯಮ್ಮ ಎಡಗೈಯಿಂದ ಕೊನೆಯ ಪುಟ ತಿರುವಿ, ಮಗನನ್ನೇ ನೋಡುತ್ತ ಕೂತರು. ಬಲಗೈ ಇನ್ನೂ ಮೇಜಿನ ಕೆಳಗೇ ಇತ್ತು.